ನೆರಳುಗಳ್ಳಿಯ ಕೊನೆಯ ಬಾಯಿ

ತೊಂದರೆ ಶುರುವಾದದ್ದು ಒಂದು ಬಾಯಿಂದ. ಆ ಬಾಯಿ ತೆರೆಯಿತು, ಅಗಲವಾಯಿತು, ಬಾವಿಯಷ್ಟಾಯಿತು, ಹಾಗೇ ನಿಂತುಬಿಟ್ಟಿತು. ಅದರೊಳಗಿಂದ ಏನು ಹೊರಬರಬೇಕು ಎನ್ನುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಬಾಯಿ ನೆರಳುಗಳ್ಳಿಯದು. ಮಕ್ಕಳ ನೆರಳನ್ನು ಕದ್ದು, ಒಗೆದ ಬಟ್ಟೆಯ ಹಾಗೆ ಮಡಚಿ ಪೆಟ್ಟಿಗೆಯಲ್ಲಿಡುವ ಮಹಾ ಮಾಟಗಾತಿ. ಅವಳ ಬೆನ್ನು ಬಿದ್ದವನು ಮಿಂಚುಳ್ಳಿ ಎಂಬ ಹನ್ನೆರಡು ವರ್ಷದ ಪೋರ. ಟೀವಿಯ ಮಕ್ಕಳ ಸರಣಿಯಲ್ಲಿ ನಾಲ್ಕು ವರ್ಷದಿಂದ ಇಬ್ಬರೂ ಕಾದಾಡುತ್ತಿದ್ದರು. ಸರಣಿ ತಯಾರಾಗುತ್ತಿದ್ದದ್ದು ಎಲ್ಲೋ ದೂರದೇಶದಲ್ಲಿ. ತುಟಿ ಅಲ್ಲಿಯವರದು, ಆ ತುಟಿಗೆ ಹೊಂದಿಸುವ ಮಾತು ಇಲ್ಲಿಯವರದು. ನೆರಳುಗಳ್ಳಿಯ ತುಟಿಗೆ ಮಾತು ಕೊಡುತ್ತಿದ್ದವನು ನಮ್ಮ ಕಥಾನಾಯಕ.

ಹೌದು, ಗಂಡಸೇ. ಅದೂ ಛತ್ರಿಯ ಕಡ್ಡಿಯಂಥ ಗಂಡಸು. ಲಿಫ್ಟಿನಲ್ಲಿ ಯಾರಾದರೂ ಕಾಲು ತುಳಿದರೆ ತಾನೇ ‘ಕ್ಷಮಿಸಿ’ ಎನ್ನುವ ಜಾತಿ. ಸ್ಟುಡಿಯೋಗೆ ಮೊದಲ ಸಲ ಬಂದಾಗ ಕೇಳಿದ್ದು ಮಾತಾಡುವ ಕತ್ತೆಯ ಪಾತ್ರ. ಅವತ್ತು ಶೀತವಾಗಿ ಗಂಟಲು ಕಟ್ಟಿತ್ತು. “ಕತ್ತೆಗೆ ಜನ ಸಿಕ್ಕಿಬಿಟ್ರು, ಇದೇ ಗಂಟಲಲ್ಲಿ ಮಾಟಗಾತಿ ಮಾಡ್ತೀರಾ?” ಎಂದರು. ಮಾಡಿದ. ಆವತ್ತಿನಿಂದ ಬೇರೆಯವರು ನಾಯಿ ಸಾಕುವ ಹಾಗೆ ಇವನು ಶೀತ ಸಾಕಿಕೊಂಡು ಬಂದಿದ್ದ. ಅದು ಗುಣವಾಗುವ ಲಕ್ಷಣ ಕಂಡರೆ ತಣ್ಣೀರು ಕುಡಿಸಿ ಮತ್ತೆ ಕೊಬ್ಬಿಸುತ್ತಿದ್ದ. ಕಟ್ಟಡದ ಮಕ್ಕಳೆಲ್ಲ ಅವನನ್ನು ಕರೆಯುತ್ತಿದ್ದದ್ದು ಮಾಟಗಾತಿ ಮಾಮ ಅಂತ. ನಾವೂ ಮಾಮ ಎಂದೇ ಕರೆಯೋಣ.

ಇವತ್ತು ಕೊನೆಯ ಕಂತು. ಗುಟ್ಟು ಹೊರಬೀಳಬಾರದೆಂದು ದೂರದೇಶದವರು ಪರದೆಯನ್ನೆಲ್ಲ ಕಪ್ಪು ಮಾಡಿ, ಮಾತಾಡುವವರ ತುಟಿಗಳಷ್ಟೇ ಕಾಣುವಂತೆ ದುಂಡನೆಯ ಕಿಂಡಿ ಬಿಟ್ಟು ಕಳಿಸಿದ್ದರು. ಒಬ್ಬೊಬ್ಬರಿಗೂ ಅವರವರ ಸಾಲು ಮಾತ್ರ. ಒಬ್ಬರ ಸಾಲು ಇನ್ನೊಬ್ಬರಿಗೆ ಹೇಳಿದರೆ ಕೆಲಸ ಹೋಯಿತು. ಮಾಮ ಬೆಳಗಿನಿಂದ ಆ ಕಿಂಡಿಯನ್ನು ನೋಡಿಕೊಂಡೇ ಬೈದ, ಗದರಿದ, ಶಪಿಸಿದ. ಯಾರನ್ನು, ಎಲ್ಲಿ, ಯಾಕೆ ಎಂದು ಗೊತ್ತಿಲ್ಲದೆ ಶಪಿಸುವುದು ಮದುವೆಯಾದವನಿಗೆ ತೀರ ಹೊಸ ಅನುಭವವೇನಲ್ಲ. ಸಲೀಸಾಗಿ ನಡೆಯಿತು.

ಆಮೇಲೆ ಬಂತು ಆ ಬಾಯಿ.

“ಇದು ನಗುವೋ ಚೀರಾಟವೋ?” ಮಾಮ ಮೈಕಿನಲ್ಲಿ ಕೇಳಿದ.

ಗಾಜಿನ ಆಚೆ ಕೂತಿದ್ದ ರೆಕಾರ್ಡಿಸ್ಟ್ ತಲೆ ಕೆರೆದುಕೊಂಡ. ಅವನಿಗೆ ಸ್ಟುಡಿಯೋದಲ್ಲಿ ‘ಒನ್‌ಮೋರ್’ ಎಂದೇ ಹೆಸರು. ಯಾರು ಎಷ್ಟೇ ಚೆನ್ನಾಗಿ ಮಾಡಲಿ, ಅವನು ಒಂದು ಸಲ ‘ಒನ್ ಮೋರ್’ ಎನ್ನದೆ ಬಿಟ್ಟದ್ದಿಲ್ಲ. “ನಂಗೂ ಗೊತ್ತಿಲ್ಲ ಸಾರ್. ನಕ್ಕರೆ ಗೆದ್ದಳು, ಚೀರಿದ್ರೆ ಸತ್ತಳು. ಹೆಡ್ ಆಫೀಸಿಗೆ ಕೇಳಿದ್ದೀನಿ. ಸಂಜೆ ಹೊತ್ತಿಗೆ ಹೇಳ್ತಾರಂತೆ. ಊಟ ಮಾಡ್ಕೊಂಡು ಬನ್ನಿ.”

“ನಿಮಗೇನನ್ನಿಸತ್ತೆ?”

“ಸತ್ತಿರ್ತಾಳೆ ಸಾರ್. ಮಕ್ಕಳ ಸರಣಿ ಅಲ್ವಾ.”

ಅವಳು ಸತ್ತರೆ ಸಾಯುವುದು ಅವಳೊಬ್ಬಳೇ ಅಲ್ಲ. ಮಾಮನ ಹೆಂಡತಿಯ ಅಣ್ಣನಿಗೆ ಹಾಸಿಗೆ, ದಿಂಬುಗಳ ದೊಡ್ಡ ಅಂಗಡಿಯಿತ್ತು. ವ್ಯಾನಿನ ಮೇಲೆ ಮೈಕು ಕಟ್ಟಿಕೊಂಡು ‘ಬೆನ್ನು ನೋವೇ? ಬನ್ನಿ’ ಎಂದು ಬೀದಿ ಬೀದಿ ಕೂಗಲು ಅವನಿಗೊಂದು ಗಂಟಲು ಬೇಕಿತ್ತು. ಮಾಟಗಾತಿ ಸತ್ತರೆ ಸೋಮವಾರದಿಂದ ಇವರು ವ್ಯಾನ್ ಹತ್ತುತ್ತಾರೆ ಎಂದು ಹೆಂಡತಿ ಮಾತು ಕೊಟ್ಟಾಗಿತ್ತು. ಅಲ್ಲಿಗೆ, ಆರೋಗ್ಯ ಗಟ್ಟಿಯಾಗಿದ್ದೂ ಮಾಮ ಹಾಸಿಗೆ ಹಿಡಿದ ಹಾಗೆ.

ಹೊರಗೆ ಬರುವಷ್ಟರಲ್ಲಿ ಹೆಂಡತಿಯದೇ ಫೋನು. “ರೀ, ಬದುಕಿದ್ದಾಳಾ?”

“ಯಾರು?”

“ಇನ್ಯಾರು, ನಿಮ್ಮ ಅವಳು. ಸಂಜೆ ಅಣ್ಣ ಬರ್ತಾನೆ. ಇನ್ನೊಬ್ಬನೂ ಆ ಕೆಲಸ ಕೇಳ್ತಿದ್ದಾನಂತೆ. ಹೂಂ ಅಂತೀರೋ ಉಹೂಂ ಅಂತೀರೋ?”

“ಸಂಜೆ ಹೇಳ್ತೀನಿ ಕಣೇ. ನಂಗೇ ಗೊತ್ತಿಲ್ಲ.”

“ಸಾಯೋಳು ನೀವು, ನಿಮಗೇ ಗೊತ್ತಿಲ್ಲ ಅಂದ್ರೆ ಹೇಗ್ರೀ?”

ಪ್ರಶ್ನೆ ನ್ಯಾಯವಾದದ್ದೇ. ತನ್ನ ಸಾವಿನ ವಿಷಯ ಸಂಜೆಯವರೆಗೆ ಕಾದು ತಿಳಿದುಕೊಳ್ಳುವ ತಾಳ್ಮೆ ಮಾಮನಿಗೂ ಇರಲಿಲ್ಲ. ಕುತೂಹಲ ಎನ್ನುವುದು ಬೂಟಿನೊಳಗೆ ಸೇರಿದ ಕಲ್ಲಿನ ಹಾಗೆ. ಚಿಕ್ಕದೇ, ಆದರೆ ಹೆಜ್ಜೆ ಇಡಲು ಬಿಡುವುದಿಲ್ಲ. ತನ್ನ ಸಾಲು ತನ್ನ ಹತ್ತಿರ ಇದೆ. ಮಿಂಚುಳ್ಳಿಯ ಸಾಲು ಮಿಂಚುಳ್ಳಿಯ ಹತ್ತಿರ ಇದೆ. ಎರಡನ್ನೂ ಪಕ್ಕದಲ್ಲಿಟ್ಟರೆ ಕತೆ ತಾನಾಗಿ ಬಾಯಿ ಬಿಡುತ್ತದೆ. ಹುಡುಗನಿಗೆ ಇವತ್ತು ಮಧ್ಯಾಹ್ನದ ಪಾಳಿ ಎಂದು ಒನ್‌ಮೋರ್ ಹೇಳಿದ್ದು ನೆನಪಿತ್ತು. ನಾಲ್ಕು ವರ್ಷ ಒಬ್ಬರಿಗೊಬ್ಬರು ಬೆಂಕಿಯುಂಡೆ ಎಸೆದುಕೊಂಡಿದ್ದರೂ ಒಂದು ಸಲವೂ ಮುಖ ನೋಡಿರಲಿಲ್ಲ. ಒಬ್ಬರು ಬಂದಾಗ ಇನ್ನೊಬ್ಬರಿಲ್ಲ. ಮಾಮ ಎದುರಿನ ಅಂಗಡಿಗೆ ಹೋಗಿ ದೊಡ್ಡದೊಂದು ಚಾಕೊಲೇಟ್ ಕೊಂಡ. ಹುಡುಗನ ಬಾಯಿ ಬಿಡಿಸಲು ಅದಕ್ಕಿಂತ ಒಳ್ಳೆಯ ಮಾಟ ಯಾವುದಿದೆ?

ಸ್ಟುಡಿಯೋದ ಕಾಯುವ ಕೋಣೆಯಲ್ಲಿ ಯಾವ ಹುಡುಗನೂ ಇರಲಿಲ್ಲ. ಬೆಳ್ಳಗಿನ ತುರುಬಿನ ಅಜ್ಜಿಯೊಬ್ಬಳು ಮಡಿಲಲ್ಲಿ ಚೀಲವಿಟ್ಟುಕೊಂಡು ಕೂತಿದ್ದಳು.

“ಮೊಮ್ಮಗ ಒಳಗಿದ್ದಾನಾ ಅಜ್ಜಿ?” ಎಂದ ಮಾಮ, ಜೇನಿನಂಥ ಸ್ವರದಲ್ಲಿ.

ಅಜ್ಜಿ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. ಆಮೇಲೆ ಅವಳ ಬಾಯಿಂದ ಹನ್ನೆರಡು ವರ್ಷದ ಪೋರನ ಧ್ವನಿ ಪುಟಿದು ಬಂತು. “ಯಾರನ್ನ ಅಜ್ಜಿ ಅಂತೀಯ? ಕತ್ತಿ ಎಲ್ಲಿದೆ ನಂದು?”

ಮಾಮನ ಕೈಯಲ್ಲಿದ್ದ ಚಾಕೊಲೇಟ್ ಕೆಳಗೆ ಬಿತ್ತು. ಅಜ್ಜಿಯೇ ಬಗ್ಗಿ ಎತ್ತಿಕೊಂಡು, ಧೂಳು ಒರೆಸಿ, ಚೀಲಕ್ಕೆ ಹಾಕಿಕೊಂಡಳು. “ನಂಗೇ ತಂದಿದ್ದು ತಾನೆ? ನಂಗೆ ಅರವತ್ತೆಂಟಪ್ಪ. ಗಾಜಿನ ಆಚೆ ಹೋಗುವಾಗ ವಯಸ್ಸನ್ನ ಚಪ್ಪಲಿ ಥರ ಹೊರಗೇ ಬಿಡ್ತೀನಿ. ನೀನು ಯಾರು?”

ಮಾಮ ಆಚೀಚೆ ನೋಡಿ, ಗಂಟಲು ಸರಿಮಾಡಿಕೊಂಡು, ಮೆಲ್ಲಗೆ ಹೇಳಿದ: “ಬಾ ಮರಿ, ಬಿಸಿಲಿಗೆ ಬಾ. ನಿನಗೆಷ್ಟು ನೆರಳಿದೆ ನೋಡೋಣ.”

ನೆರಳುಗಳ್ಳಿ ಪ್ರತಿ ಕಂತಿನಲ್ಲೂ ಹೇಳುವ ಮಾತದು. ಅಜ್ಜಿಯ ಕಣ್ಣು ಅರಳಿತು. “ಅಯ್ಯೋ, ನೀನಾ? ನಾಲ್ಕು ವರ್ಷದಿಂದ ಎಷ್ಟು ಹೆದರಿಸಿದ್ದೀಯೋ ಮಾರಾಯ. ಇಷ್ಟು ಬಡಕಲು ಅಂತ ಗೊತ್ತಿದ್ರೆ ಮೊದಲನೇ ಕಂತಲ್ಲೇ ಮುಗಿಸ್ತಿದ್ದೆ.”

ಬಾಯಿಯಿಂದ ಹಿಡಿದು ಭಾವನ ವ್ಯಾನಿನವರೆಗೆ ವಿಷಯವೆಲ್ಲ ತಿಳಿದ ಕೂಡಲೇ ಅಜ್ಜಿಯ ಕುತೂಹಲವೂ ಕುದಿಯಿತು. ಅವಳಿಗೂ ತಾನು ಗೆದ್ದೆನೋ ಸೋತೆನೋ ಗೊತ್ತಿರಲಿಲ್ಲ. ಆದರೆ ಬಾಗಿಲಲ್ಲಿ ಕಾವಲಿನವನು ಇಬ್ಬರನ್ನೂ ದುರುಗುಟ್ಟಿ ನೋಡುತ್ತಿದ್ದ. “ಇಲ್ಲಿ ಬೇಡ. ಎದುರಿಗೇ ನಮ್ಮ ಮೇಲಿನ ಮನೆಯವರ ಕ್ಲಿನಿಕ್ ಇದೆ. ಕೂತ್ಕೊಳ್ಳೋಕೆ ಜಾಗ ಇದೆ,” ಎಂದ ಮಾಮ. ಅದೇ ಅವನು ಅವತ್ತು ಮಾಡಿದ ತಪ್ಪು.

ಮೇಲಿನ ಮನೆಯವರು ಹಲ್ಲಿನ ಡಾಕ್ಟರು. ಯಾರ ಬಾಯಲ್ಲಿ ಎಷ್ಟು ಹುಳುಕಿದೆ ಎಂದು ಇಡೀ ಕಟ್ಟಡಕ್ಕೆ ಸಾರುತ್ತಾ, “ನಾನು ಯಾರಿಗೂ ಹೇಳಲ್ಲ, ಕೊನೆಗೆ ಏನಾಗತ್ತೆ ಹೇಳಿ” ಎಂದು ಲಿಫ್ಟಿನಲ್ಲಿ ಮಾಮನನ್ನು ವಾರಗಟ್ಟಲೆ ಪೀಡಿಸಿದ ಹೆಂಗಸು. ಡಾಕ್ಟರು ಒಳಗಿದ್ದರು. ಹೊರಗಿನ ಬೆಂಚಿನಲ್ಲಿ ಕೆನ್ನೆ ಊದಿದ ಗುತ್ತಿಗೆದಾರನೊಬ್ಬ, ಕರವಸ್ತ್ರ ಅದುಮಿಕೊಂಡ ಇಬ್ಬರು ಅಕ್ಕತಂಗಿಯರು, ತಮ್ಮ ಸರದಿಗೆ ಕಾಯುತ್ತಿದ್ದರು. ಮಾಮ, ಅಜ್ಜಿ ಮೂಲೆಯಲ್ಲಿ ಕೂತರು. ಸಾಲುಗಳು ಇಬ್ಬರಿಗೂ ಬಾಯಿಪಾಠ.

ಶುರುವಿನಲ್ಲಿ ಪಿಸುಮಾತು. ಆದರೆ ಪಿಸುಗುಟ್ಟಿಕೊಂಡು ಯಾರೂ ಯುದ್ಧ ಮಾಡಿದ್ದಿಲ್ಲ. ನಾಲ್ಕನೆಯ ಸಾಲಿಗೆ ಮಾಮ ಎದ್ದು ನಿಂತಿದ್ದ. ಐದನೆಯದಕ್ಕೆ ಅವನ ಗಂಟಲಿನ ಶೀತ ಹೆಡೆಯೆತ್ತಿತು.

“ನಿನ್ನ ಹಲ್ಲು ಒಂದೊಂದನ್ನೂ ಕಿತ್ತು ಸರ ಮಾಡಿ ಹಾಕಿಕೊಳ್ಳುತ್ತೇನೆ.”

ಬೆಂಚಿನ ಮೇಲಿನ ಗುತ್ತಿಗೆದಾರ ಕೆನ್ನೆಯಿಂದ ಕೈ ತೆಗೆದ.

“ಕಿತ್ತುಕೋ. ಹಾಲುಹಲ್ಲು ಹೇಗಿದ್ದರೂ ಬೀಳುವುದೇ,” ಎಂದಳು ಅಜ್ಜಿ, ಬಾಯಿ ತುಂಬ ಕಟ್ಟಿಸಿದ ಹಲ್ಲು ತೋರಿಸುತ್ತ, ಪುಟ್ಟ ಹುಡುಗನ ಧ್ವನಿಯಲ್ಲಿ.

“ಇದು ಏನು ಟ್ರೀಟ್‌ಮೆಂಟು?” ಎಂದು ಅಕ್ಕ ತಂಗಿಯನ್ನು ಕೇಳಿದಳು. ತಂಗಿ ಆಗಲೇ ಮೆಟ್ಟಿಲಿಳಿಯುತ್ತಿದ್ದಳು, ಅಕ್ಕ ಅವಳ ಬೆನ್ನಿಗೇ ಓಡಿದಳು. “ನಂಗೀಗ ನೋವಿಲ್ಲ, ನಿಜವಾಗ್ಲೂ ಇಲ್ಲ,” ಎಂದು ಯಾರೂ ಕೇಳದಿದ್ದರೂ ಹೇಳಿಕೊಳ್ಳುತ್ತ ಗುತ್ತಿಗೆದಾರನೂ ಹಿಂದೆಯೇ ನಡೆದ. ಬೆಂಚು ಖಾಲಿಯಾದದ್ದು ಇವರಿಬ್ಬರ ಗಮನಕ್ಕೆ ಬರಲಿಲ್ಲ.

“ಕದ್ದದ್ದನ್ನೆಲ್ಲ ವಾಪಸ್ ಕೊಡು. ಇಲ್ಲದಿದ್ದರೆ ನಿನ್ನದನ್ನು ನಾನು ಕದಿಯುತ್ತೇನೆ,” ಎಂದಳು ಅಜ್ಜಿ.

“ನನಗೆ ನೆರಳೇ ಇಲ್ಲವಲ್ಲೋ. ಏನು ಕದಿಯುತ್ತೀಯ?”

“ನೆರಳಲ್ಲ.”

ಮಾಮ ಕೈಯೆತ್ತಿ ತಡೆದ. “ಇಲ್ಲೇ ಅಜ್ಜಿ, ಇಲ್ಲೇ ನನ್ನ ಆ ಬಾಯಿ ಬರೋದು. ಆಮೇಲೆ ನಿಮಗೇನಿದೆ?”

“ಒಂದೇ ಸಾಲು. ಬಾ ಮರಿ ಬಿಸಿಲಿಗೆ ಬಾ, ಅದೇ ನಿಂದು. ಅದನ್ನ ನಿನ್ನ ಥರಾನೇ ಹೇಳ್ಬೇಕಂತೆ. ಒನ್‌ಮೋರ್ ನಿನ್ನೆ ಫೋನಲ್ಲಿ ಹೇಳ್ದ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಡುಗ ಏನು ಕದಿಯಬಹುದು? ನೆರಳಿನ ಪೆಟ್ಟಿಗೆ ಇರಬಹುದು ಎಂದಳು ಅಜ್ಜಿ. ಮಾಟದ ಕೋಲು ಇರಬಹುದು ಎಂದ ಮಾಮ. ಪೆಟ್ಟಿಗೆಯ ಬೀಗದ ಕೈ ಇರಬಹುದು ಎಂದು ಇಬ್ಬರೂ ಒಪ್ಪಿದರು. ಆದರೆ ಆ ಕೊನೆಯ ಸಾಲು? ಮಾಮನ ತಲೆಯಲ್ಲಿ ದೀಪ ಹತ್ತಿತು.

“ಅಜ್ಜಿ, ಹುಡುಗ ಅವಳನ್ನ ಅಣಕಿಸ್ತಿದ್ದಾನೆ. ಹೌದು ತಾನೆ? ಸತ್ತವರನ್ನ ಯಾರಾದರೂ ಅಣಕಿಸ್ತಾರಾ? ಅವಳು ಎದುರಿಗೇ ನಿಂತಿದ್ದಾಳೆ. ಬದುಕಿದ್ದಾಳೆ.”

“ಹಾಗಾದ್ರೆ ಆ ಬಾಯಿ?”

“ನಗು ಇರ್ಬೇಕು. ಹುಡುಗನ ಅಣಕು ಕೇಳಿ ಮೊದಲೇ ನಗು ಬಂದಿರತ್ತೆ.” ತರ್ಕ ಸ್ವಲ್ಪ ಕುಂಟುತ್ತಿತ್ತು, ಆದರೆ ಮಾಮ ಅದನ್ನು ಹೆಗಲ ಮೇಲೆ ಹೊತ್ತುಕೊಂಡು ದಾಟಿಸಿದ.

“ಸರಿ, ಅಣಕ ಅಂದ್ರೆ ಪಕ್ಕಾ ಇರ್ಬೇಕು. ಹೇಳಿಕೊಡು,” ಎಂದಳು ಅಜ್ಜಿ. “ನಿನ್ನ ಆ ಕೊರಕೊರ ಎಲ್ಲಿಂದ ಬರೋದು? ಮೂಗಿಂದಾನಾ?”

ನಾಲ್ಕು ವರ್ಷದಲ್ಲಿ ಮಾಮನ ಕೊರಕೊರದ ಬಗ್ಗೆ ಇಷ್ಟು ಪ್ರೀತಿಯಿಂದ ವಿಚಾರಿಸಿದವರಿಲ್ಲ. ಹೆಂಡತಿ ವಿಚಾರಿಸಿದ್ದು ಕಷಾಯ ಬೇಕಾ ಅಂತ ಮಾತ್ರ. ಅವನು ಉಬ್ಬಿಹೋದ. “ಮೂಗಲ್ಲ ಅಜ್ಜಿ, ಗಂಟಲಿನ ಹಿಂದಿನ ಕೋಣೆ. ಬಾಗಿಲು ಅರ್ಧ ಮುಚ್ಚಿ. ಈಗ ಅಲ್ಲಿಂದ ಇಣುಕಿ ನೋಡಿ. ‘ಮರಿ’ ಅನ್ನುವಾಗ ಪ್ರೀತಿ ಇರ್ಬೇಕು, ಬೆಕ್ಕಿಗೆ ಇಲಿ ಮೇಲಿರೋ ಥರದ್ದು.” ಅಜ್ಜಿ ಹೇಳಿದಳು. ಅವನು ತಿದ್ದಿದ. ಮತ್ತೆ ಹೇಳಿದಳು. ಮತ್ತೂ ತಿದ್ದಿದ. ಕೊನೆಗೆ ಅವಳು ಹೇಳಿದಾಗ ಮಾಮನಿಗೇ ಬೆನ್ನಲ್ಲಿ ಚಳಿ ಹರಿಯಿತು. ಅಷ್ಟಕ್ಕೇ ನಿಲ್ಲದೆ ಅಜ್ಜಿ, ಅವನು ಮಾತಿನ ನಡುವೆ ಕೆಮ್ಮುವುದು, ‘ಕ್ಷಮಿಸಿ’ ಎನ್ನುವುದು, ಹೆಂಡತಿಯ ಫೋನಿನ ಕತೆ ಹೇಳುವಾಗ ‘ಕಣೇ’ ಎಂದು ಎಳೆದದ್ದು, ಎಲ್ಲವನ್ನೂ ಒಂದೊಂದಾಗಿ ಮಾಡಿ ತೋರಿಸಿದಳು. ಮಾಮ ಹೊಟ್ಟೆ ಹಿಡಿದುಕೊಂಡು ನಕ್ಕ.

ಆಗ ಒಳಗಿನ ಬಾಗಿಲು ತೆರೆಯಿತು. ಡಾಕ್ಟರು ಖಾಲಿ ಬೆಂಚನ್ನೂ ಮಾಮನನ್ನೂ ನೋಡಿದರು.

“ನನ್ನ ಪೇಷೆಂಟ್‌ಗಳು ಎಲ್ಲಿ?”

“ನೋವು ಹೋಯ್ತಂತೆ,” ಎಂದಳು ಅಜ್ಜಿ.

ಸಿಟ್ಟಿಗಿಂತ ಡಾಕ್ಟರಿಗೆ ಕುತೂಹಲವೇ ದೊಡ್ಡದು. ಎರಡೇ ಪ್ರಶ್ನೆಗೆ ಬಾಯಿಯ ವಿಷಯ ಪೂರ್ತಿ ಹೊರಬಿತ್ತು. “ಇಷ್ಟೇನಾ? ಬಾಯಿ ವಿಷಯ ನನ್ನ ಕೇಳೋದು ಬಿಟ್ಟು ಹೆಡ್ ಆಫೀಸ್ ಕೇಳ್ತೀರಾ? ನಗುವಾಗ ಮೇಲಿನ ಹಲ್ಲು ಕಾಣತ್ತೆ, ನೋವಾದಾಗ ಕೆಳಗಿನದು. ಯಾವುದು ಕಾಣ್ತು?”

“ಎರಡೂ.”

“ಹಾಗಾದ್ರೆ ಮಾಡಿ ತೋರಿಸಿ. ಈ ಕುರ್ಚೀಲಿ ಒರಗಿ, ಬೆಳಕು ಚೆನ್ನಾಗಿದೆ.”

ಮಾಮ ಒರಗಿದ. ನೆರಳುಗಳ್ಳಿ ತೆರೆದ ಹಾಗೆಯೇ ಬಾಯಿ ತೆರೆದ. ಡಾಕ್ಟರು ದೀಪ ಎಳೆದುಕೊಂಡು ಬಗ್ಗಿ, ಬಹಳ ಹೊತ್ತು ನೋಡಿದರು. ಅಜ್ಜಿಯೂ ಬಗ್ಗಿ ನೋಡಿದಳು.

“ಇದು ನಗುವೂ ಅಲ್ಲ, ನೋವೂ ಅಲ್ಲ,” ಎಂದರು ಡಾಕ್ಟರು. “ಇದು ಹುಳುಕು. ಬಲಗಡೆ, ಕಡೇ ದವಡೆ ಹಲ್ಲು. ಎಷ್ಟು ದಿನದಿಂದ ಹೀಗಿದೆ?”

“ಆಹಾ, ಒಳಗೆ ಗುಹೆ ಥರ ಇದೆ,” ಎಂದಳು ಅಜ್ಜಿ.

“ನನ್ನ ಪೇಷೆಂಟ್‌ಗಳನ್ನೆಲ್ಲ ಓಡಿಸಿದ್ದೀರಿ. ಕುರ್ಚಿ ಸುಮ್ಮನೆ ಖಾಲಿ ಇರೋಕಾಗಲ್ಲ. ಈಗಲೇ ತುಂಬಿಬಿಡ್ತೀನಿ, ಮರಗಟ್ಟೋಕೆ ಒಂದು ಚಿಕ್ಕ ಇಂಜೆಕ್ಷನ್ ಅಷ್ಟೆ.”

ಸಂಜೆ ರೆಕಾರ್ಡಿಂಗ್ ಇದೆ, ಬೇಡ, ಎಂದು ಮಾಮ ಕೂಗಿದ. ಬಾಯಲ್ಲಿ ಕನ್ನಡಿ, ಕೊಕ್ಕೆ, ಡಾಕ್ಟರ ಎರಡು ಬೆರಳು ಇದ್ದುದರಿಂದ ಅದು “ಆಂ, ಆಂ” ಎಂದು ಕೇಳಿಸಿತು.

“ನೋಡಿ, ಒಪ್ಪಿಗೆ ಕೊಟ್ರು,” ಎಂದರು ಡಾಕ್ಟರು.

ಮಾಮ ಮತ್ತೆ ಸ್ಟುಡಿಯೋ ಹೊಕ್ಕಾಗ ಅವನ ಮುಖದ ಬಲಭಾಗ ಬೇರೆ ಯಾರದೋ ಆಗಿತ್ತು. ನಾಲಿಗೆ ಒದ್ದೆ ಹತ್ತಿಯ ಮೂಟೆ. ನಕ್ಕರೆ ಅರ್ಧ ಮಾತ್ರ ನಗು. ಅಜ್ಜಿ ಕೈ ಹಿಡಿದು ನಡೆಸಿಕೊಂಡು ಬಂದಳು. ಈ ಬಾಯಲ್ಲಿ ನಗುವುದು ಹೇಗೆ, ಚೀರುವುದು ಹೇಗೆ? ಹೆಡ್ ಆಫೀಸು ಏನೇ ಹೇಳಲಿ, ಹಾಳಾಗುವುದಂತೂ ಖಂಡಿತ ಎಂದುಕೊಂಡು ಅವನು ಬೆವರುತ್ತಿದ್ದ.

ಒನ್‌ಮೋರ್ ಓಡಿಬಂದ. ಇಬ್ಬರನ್ನೂ ಒಟ್ಟಿಗೆ ನೋಡಿ ಕೋಪಿಸಿಕೊಳ್ಳಲೂ ಅವನಿಗೆ ಪುರಸೊತ್ತಿರಲಿಲ್ಲ. “ಸಾರ್, ಉತ್ತರ ಬಂತು. ಅವಳು ಸಾಯಲ್ಲ. ಮುಂದಿನ ಸರಣೀಲೂ ಇದ್ದಾಳೆ, ಪ್ರತಿ ಕಂತಲ್ಲೂ.”

ಮಾಮನ ಎಡಗೆನ್ನೆ ಕುಣಿಯಿತು. ವ್ಯಾನು, ಮೈಕು, ಹಾಸಿಗೆ ಎಲ್ಲವೂ ಹೊಗೆಯಾಗಿ ಹಾರಿಹೋದವು.

“ಇನ್ನೂ ಒಳ್ಳೇ ಸುದ್ದಿ. ಆ ಬಾಯಿಗೆ ನಗುವೂ ಬೇಡ, ಚೀರಾಟವೂ ಬೇಡ. ಏನೂ ಬೇಡ. ನಿಮ್ಮ ಕೆಲಸ ಮುಗೀತು, ಮನೆಗೆ ಹೋಗಬಹುದು.”

ಮರಗಟ್ಟಿದ ಬಾಯಿಗೆ ಇದಕ್ಕಿಂತ ದೊಡ್ಡ ವರವಿಲ್ಲ. ಮಾಮ ಬಾಗಿಲವರೆಗೆ ಹೋದವನು ತಿರುಗಿ ನಿಂತ. ಹಾಳು ಕುತೂಹಲ. “ಆಗೆ?” ಎಂದ. ಯಾಕೆ ಎಂದು ಕೇಳಿದ್ದು ಅದು.

“ಧ್ವನಿನೇ ಇಲ್ಲವಲ್ಲ ಸಾರ್. ಮಿಂಚುಳ್ಳಿ ಅವಳ ಧ್ವನಿ ಕದ್ದುಬಿಡ್ತಾನೆ. ಅವಳು ಮಂತ್ರ ಹೇಳೋಣ ಅಂತ ಬಾಯಿ ತೆಗೀತಾಳೆ, ಏನೂ ಬರಲ್ಲ. ಅದೇ ಆ ಬಾಯಿ. ಮುಂದಿನ ಸರಣಿ ಪೂರ್ತಿ ಹಾಗೇ, ಬರೀ ಕಣ್ಣಲ್ಲೇ ಮಾಟ. ಎಂಥಾ ತಲೆ ಸಾರ್ ಅವರದ್ದು.”

ಮಾಮ ಗೋಡೆ ಹಿಡಿದುಕೊಂಡ. ಆದರೆ ಮುಳುಗುವವನ ತಲೆ ಚುರುಕು. ಧ್ವನಿ ಕದ್ದರೆ ಅದು ಎಲ್ಲೋ ಇರಲೇಬೇಕಲ್ಲ. ಹುಡುಗನದೆಂದು ಅಜ್ಜಿಯ ಗಂಟಲನ್ನು ತೋರಿಸಿ, ಆಮೇಲೆ ತನ್ನ ಗಂಟಲನ್ನು ತೋರಿಸಿದ.

“ಹೌದು ಸಾರ್, ಸರಿಯಾಗಿ ಹಿಡಿದ್ರಿ. ಇನ್ಮೇಲೆ ಹುಡುಗ ಬೇಕಾದಾಗೆಲ್ಲ ಅವಳ ಧ್ವನೀಲೇ ಮಾತಾಡ್ತಾನೆ. ಆದ್ರೆ ನಮ್ಮಲ್ಲಿ ತುಟಿ ಯಾರದೋ ಕೆಲಸ ಅವರದೇ, ನಿಮಗೇ ಗೊತ್ತಲ್ಲ. ಹುಡುಗನ ತುಟಿ ಅಜ್ಜೀದು. ಅಜ್ಜಿಗೆ ಆ ಧ್ವನಿ ಬರ್ಲಿಲ್ಲ ಅಂದ್ರೆ ಮಾತ್ರ ನಿಮ್ಮನ್ನ ಇಟ್ಕೊಳ್ಳಿ ಅಂದಿದ್ದಾರೆ. ಬರೋಕೆ ಸಾಧ್ಯನೇ ಇಲ್ಲ ಬಿಡಿ, ಆ ಕೊರಕೊರ ಯಾರ ಕೈಲಾಗತ್ತೆ? ಶಾಸ್ತ್ರಕ್ಕೆ ಒಂದ್ಸಲ ನೋಡಿಬಿಡೋಣ. ಬನ್ನಿ ಅಜ್ಜಿ.”

ಬೇಡ ಎನ್ನುವಂತೆ ಮಾಮ ಅಜ್ಜಿಯ ಕಡೆ ತಲೆಯಾಡಿಸಿದ. ಆದರೆ ಅಜ್ಜಿ ಆಗಲೇ ಚೀಲವನ್ನು ಅವನ ಕೈಗೆ ಕೊಟ್ಟು, ಚಪ್ಪಲಿ ಬಿಟ್ಟು, ಗಾಜಿನ ಆಚೆ ಹೋಗಿದ್ದಳು. ದೀಪ ಕೆಂಪಾಯಿತು. “ಬಾ ಮರಿ,” ಎಂದಿತು ಮಾಮನ ನಾಲ್ಕು ವರ್ಷದ ಶೀತ, ಅಜ್ಜಿಯ ಬಾಯಿಂದ.

ಸಾಲು ಮುಗಿಯಿತು. ಒನ್‌ಮೋರ್ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಕೂತ. ಜೀವಮಾನದಲ್ಲಿ ಮೊದಲ ಸಲ ಅವನು ‘ಒನ್ ಮೋರ್’ ಎನ್ನಲಿಲ್ಲ.

ಅಜ್ಜಿ ಹೊರಗೆ ಬಂದಾಗ ಅವಳ ಮುಖ ಸಣ್ಣಗಾಗಿತ್ತು. “ನಾನು ಕೆಡಿಸ್ಬೇಕು ಅಂತಾನೇ ಹೋದೆ ಕಣಪ್ಪ. ಬಾಯಿ ಕೇಳ್ಲಿಲ್ಲ. ನೀನು ಅಷ್ಟು ಚೆನ್ನಾಗಿ ಯಾಕೆ ಹೇಳಿಕೊಟ್ಟೆ?”

ಆಗ ಮಾಮನ ಫೋನು ಬಡಿದುಕೊಂಡಿತು.

“ರೀ, ಅಣ್ಣ ಎದುರಿಗೇ ಕೂತಿದ್ದಾನೆ. ಏನಾಯ್ತು? ಅವಳು ಇದ್ದಾಳಾ ಇಲ್ವಾ? ಹೂಂ ಅನ್ನಲಾ?”

ಮಾಮ ಹೇಳಬೇಕೆಂದಿದ್ದದ್ದು ಬಹಳವಿತ್ತು. ಸ್ವಲ್ಪ ತಡಿ, ಒಂದು ವಾರ ಕೊಡು, ಕತ್ತೆಯ ಪಾತ್ರವಾದರೂ ಖಾಲಿ ಇದೆಯಾ ಕೇಳ್ತೀನಿ. ಫೋನಿಗೆ ಹೋದದ್ದು ಮಾತ್ರ, “ಏಆ, ಹಹಿ, ಕಕ್ಕೆ.”

“ಏನ್ರೀ? ಯಾರು ಮಾತಾಡ್ತಿರೋದು?”

ಅಜ್ಜಿಗೆ ಕರುಳು ಚುರುಕ್ ಎಂದಿತು. “ಕೊಡಿಲ್ಲಿ, ಪಾಪ. ನನ್ನಿಂದ ಇಷ್ಟಾದ್ರೂ ಆಗ್ಲಿ,” ಎಂದು ಫೋನು ಕಿತ್ತುಕೊಂಡಳು. ಮಾಮ ಎರಡೂ ಕೈ ಅಡ್ಡಡ್ಡ ಆಡಿಸಿದ. ಎಲ್ಲ ಮುಗಿಯಿತು ಎನ್ನುತ್ತಿದ್ದಾನೆಂದು ಅಜ್ಜಿ ತಿಳಿದಳು. ಒಂದು ಸಣ್ಣ ಕೆಮ್ಮು ಕೆಮ್ಮಿ, ಮಾಮನ ಮನೆಯ ಧ್ವನಿಯಲ್ಲೇ, ಆದರೆ ಮಾಮನಿಗೆ ಎಂದೂ ಇಲ್ಲದ ಗತ್ತಿನಲ್ಲಿ ಹೇಳಿದಳು: “ಅವಳ ಕತೆ ಮುಗೀತು ಕಣೇ. ಸೋಮವಾರದಿಂದ ಬರ್ತೀನಿ ಅಂತ ಭಾವನಿಗೆ ಹೇಳು.”

ಆ ಕಡೆಯಿಂದ ಹೆಂಡತಿಯ ಧ್ವನಿ ಬೆಣ್ಣೆಯಾಗಿ ಇಳಿಯಿತು.

“ರೀ, ಮದುವೆಯಾದ ಮೇಲೆ ಇವತ್ತೇ ನೋಡಿ ನೀವು ನೀವಾಗಿ ಮಾತಾಡಿದ್ದು. ಸ್ಪೀಕರ್‌ನಲ್ಲಿಟ್ಟಿದ್ದೆ, ಅಣ್ಣನಿಗಂತೂ ಎಷ್ಟು ಹಿಡಿಸ್ತು ಅಂದ್ರೆ, ಕೂತಿದ್ದೋನು ಎದ್ದು ನಿಂತ. ಸೋಮವಾರ ಇದೇ ಧ್ವನೀಲಿ ಬರ್ಲಿ ಅಂತಿದ್ದಾನೆ. ಮಾಮೂಲಿ ಧ್ವನಿ ಆದ್ರೆ ಬರೋದೇ ಬೇಡವಂತೆ.”